ಟೋಲ್ ಕಟ್ಟಿದ ಮೇಲೆ ಕೇಳಬೇಕಾದ ಲೆಕ್ಕ: ಹೆದ್ದಾರಿ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ರಸ್ತೆ ಕಾಮಗಾರಿಯಲ್ಲೇ ಆಯುಷ್ಯದ ಹೆಚ್ಚಿನ ಪಾಲು ಕಳೆದು ನಿವೃತ್ತನಾದ ಎಂಜಿನಿಯರ್ ನಾನು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಕಾರು ಕೊಳ್ಳುವಾಗಲೇ ರಸ್ತೆ ತೆರಿಗೆ ಕಟ್ಟಿದ್ದೇನೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಸೆಸ್ ಹೋಗುತ್ತದೆ. ಆದರೂ ನೌಕರಿಗೆಂದು ಬೆಳಗಾವಿಗೆ ಹೋಗಿ ಬರಲು ಹತ್ತರಗಿಯಲ್ಲಿ ದಿನವೂ ಟೋಲ್ ಏಕೆ? ಇಷ್ಟು ವರ್ಷಗಳಲ್ಲಿ ಹಾಕಿದ ಹಣ ಹುಟ್ಟಿಲ್ಲವೇ? — ಸಂಕೇಶ್ವರದ ಓದುಗರು

ಮೂರೂ ಬೇರೆ ಬೇರೆ ಗಂಟುಗಳು. ರಸ್ತೆ ತೆರಿಗೆ ರಾಜ್ಯ ಸರ್ಕಾರಕ್ಕೆ ಸೇರುತ್ತದೆ. ಇಂಧನದ ಮೇಲಿನ ಸೆಸ್ ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ನಿಧಿಗೆ ಹೋಗಿ, ಅಲ್ಲಿಂದ ಹಳ್ಳಿ ರಸ್ತೆಗೂ ರೈಲ್ವೆಗೂ ಹಂಚಿಕೆಯಾಗುತ್ತದೆ. ಟೋಲ್ ಮಾತ್ರ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಮತ್ತು 2008ರ ಶುಲ್ಕ ನಿಯಮಗಳ ಅಡಿಯಲ್ಲಿ ವಸೂಲಾಗುವ ಬಳಕೆ ಶುಲ್ಕ.

ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಟೋಲ್ ದರಕ್ಕೂ ಆ ರಸ್ತೆಗೆ ಆದ ಖರ್ಚಿಗೂ ನೇರ ಸಂಬಂಧವಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕಿಲೋಮೀಟರಿಗೆ 65 ಪೈಸೆ ಎಂದು 2007–08ಕ್ಕೆ ಮೂಲ ದರ ಗೊತ್ತುಮಾಡಲಾಯಿತು. ಅಲ್ಲಿಂದ ಪ್ರತಿ ಏಪ್ರಿಲ್ 1ರಂದು ಶೇ 3ರಷ್ಟು, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40ರಷ್ಟು ಸೇರುತ್ತಾ ಬಂದಿದೆ. ಹಾಗಾಗಿ ಅಸಲು ಹುಟ್ಟಿದೆಯೋ ಇಲ್ಲವೋ ಎಂಬುದು ನಿಮ್ಮ ರಸೀದಿಯ ಮೇಲೆ ಕಾಣುವುದೇ ಇಲ್ಲ. ಬಂಡವಾಳ ವಸೂಲಾದ ಮೇಲೆ ಶುಲ್ಕವನ್ನು ಶೇ 40ಕ್ಕೆ ಇಳಿಸಬೇಕು ಎಂಬ ಮಾತು ಮೂಲ ನಿಯಮಗಳಲ್ಲಿತ್ತು. ಆ ಮಾತನ್ನು ಉಳಿಸಿಕೊಳ್ಳಬೇಕು, ಪ್ರತಿ ಪ್ಲಾಜಾದ ಮುಂದೆ ಇದುವರೆಗಿನ ವೆಚ್ಚ ಮತ್ತು ವಸೂಲಿಯ ಫಲಕ ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲೆಕ್ಕ ಕಣ್ಣಿಗೆ ಬಿದ್ದರೆ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

ಈಗ ನಿಮ್ಮ ಜೇಬಿನ ಲೆಕ್ಕ. 2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ 3,000 ರೂಪಾಯಿಯ ವಾರ್ಷಿಕ ಪಾಸ್ ಬಂತು. ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ಆದರೆ ಅದರ ಮಿತಿ 200 ದಾಟುವಿಕೆ. ಹೋಗುವುದೊಂದು, ಬರುವುದೊಂದು ಎಂದು ಎಣಿಸುತ್ತಾರೆ. ವರ್ಷದಲ್ಲಿ 300 ದಿನ ಓಡಾಡುವ ನಿಮಗೆ 600 ದಾಟುವಿಕೆ ಬೇಕು, ಅಂದರೆ ಮೂರು ಪಾಸ್, ಆ ದರದಲ್ಲಿ 9,000 ರೂಪಾಯಿ. ಅದರ ಬದಲು ಪ್ಲಾಜಾದಿಂದ 20 ಕಿಲೋಮೀಟರ್ ಒಳಗೆ ವಾಸಿಸುವವರ ಸ್ಥಳೀಯ ಮಾಸಿಕ ಪಾಸ್ ಕೇಳಿ. ವಾಣಿಜ್ಯೇತರ ವಾಹನಕ್ಕೆ 2025–26ರಲ್ಲಿ ಅದು ತಿಂಗಳಿಗೆ 350 ರೂಪಾಯಿ ಇತ್ತು. ವರ್ಷಕ್ಕೆ 4,200ರಲ್ಲಿ ಮುಗಿಯಿತು, ಎಣಿಕೆಯ ಗೊಡವೆಯೂ ಇಲ್ಲ. ಸರ್ವಿಸ್ ರಸ್ತೆಯೋ ಪರ್ಯಾಯ ರಸ್ತೆಯೋ ಇದ್ದ ಕಡೆ ಈ ಪಾಸ್ ಕೊಡಬೇಕಿಲ್ಲ ಎಂಬ ಷರತ್ತು ಇದೆ. ನಿರಾಕರಿಸಿದರೆ ಆ ರಸ್ತೆ ಯಾವುದೆಂದು ಬರಹದಲ್ಲಿ ಕೇಳಿ ಪಡೆಯಿರಿ.

ನಮ್ಮೂರಿನ ರಸ್ತೆ ಹಾಳಾಗಲು ಕಬ್ಬಿನ ಟ್ರ್ಯಾಕ್ಟರುಗಳೇ ಕಾರಣ ಎಂದು ಅಧಿಕಾರಿಗಳು ಹೇಳುತ್ತಾರೆ. ರೈತರು ಹೇಳುವುದು, ಕಾಮಗಾರಿಯೇ ಕಳಪೆ. ಡಾಂಬರು ಹಾಕಿದ ಎರಡೇ ಮಳೆಗಾಲಕ್ಕೆ ರಸ್ತೆ ಅಲೆ ಅಲೆಯಾಗುತ್ತದೆ. ಯಾರ ಮಾತು ನಿಜ? — ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರರು

ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಇಬ್ಬರೂ ಹೆಸರಿಸದ ಇನ್ನೊಂದು ಕಾರಣ ನಿಮ್ಮ ಕಾಲ ಕೆಳಗೇ ಇದೆ, ಎರೆ ಮಣ್ಣು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಹೊಲದ ಬಿರುಕಿನಲ್ಲಿ ಕೈ ಇಳಿಬಿಟ್ಟು ನೋಡಿ, ಮೊಣಕೈವರೆಗೆ ಹೋಗುತ್ತದೆ. ಮಳೆ ಬಿದ್ದ ಮೇಲೆ ಅದೇ ನೆಲ ಉಬ್ಬಿ ಬಿರುಕು ಕೂಡಿಕೊಂಡಿರುತ್ತದೆ. ಬೆಳೆಗೆ ಇದು ವರ. ರಸ್ತೆಗೆ ಮಾತ್ರ ವರ್ಷಕ್ಕೊಮ್ಮೆ ಬುನಾದಿಯನ್ನು ಎತ್ತಿ ಇಳಿಸಿದ ಹಾಗೆ. ರಸ್ತೆಯ ಅಂಚು ಬಿಸಿಲಿಗೆ ಬೇಗ ಒಣಗಿ ಕುಗ್ಗುತ್ತದೆ, ನಡುಭಾಗದ ಹಸಿ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲ ಬಿರುಕು ಯಾವಾಗಲೂ ಅಂಚಿನಿಂದ ಒಂದು ಮಾರು ಒಳಗೆ ಉದ್ದಕ್ಕೆ ಓಡುತ್ತದೆ. ಮುಂದಿನ ಮಳೆಗೆ ನೀರು ಆ ಬಿರುಕಿನಲ್ಲೇ ಇಳಿದು ಕೆಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ.

ಇದಕ್ಕೆ ಮದ್ದು ಇದೆ, ಹೊಸದೂ ಅಲ್ಲ. ಡಾಂಬರು ಪದರಗಳ ಕೆಳಗೆ 500 ಮಿಲಿಮೀಟರ್ ಆಳಕ್ಕೆ ಎರೆ ತೆಗೆದು ಒಳ್ಳೆಯ ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ರೋಲರ್ ಹಾಯಿಸಬೇಕು. ಗರಸು ದೂರವಿದ್ದರೆ ಎರೆಗೇ ಸುಣ್ಣ ಬೆರೆಸಿ ಉಬ್ಬುವ ಗುಣವನ್ನು ತಗ್ಗಿಸಬೇಕು. ಇದರ ಖರ್ಚು ಮಣ್ಣಿನೊಳಗೆ ಹೂತು ಹೋಗುತ್ತದೆ, ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕದಿಯುವುದಾದರೆ ಕದಿಯುವುದು ಅಲ್ಲಿಯೇ. ನಾನು ಕಿರಿಯ ಎಂಜಿನಿಯರ್ ಆಗಿದ್ದಾಗ ಗುತ್ತಿಗೆದಾರನೊಬ್ಬ ತುಂಬಿಸಿದ್ದ ಗರಸನ್ನು ಅಗೆಸಿ ಅಳತೆ ಹಿಡಿದೆ, ಇರಬೇಕಾದ ಅರ್ಧವೂ ಇರಲಿಲ್ಲ. ಆ ತುಂಡನ್ನು ಕೀಳಿಸಿ ಮತ್ತೆ ಮಾಡಿಸಲು ಎರಡು ತಿಂಗಳು ಹಿಡಿಯಿತು, ಊರವರು ನನ್ನನ್ನೇ ಬೈದರು. ಆ ತುಂಡು ಉಳಿದದ್ದಕ್ಕಿಂತ ಹೆಚ್ಚು ವರ್ಷ ಬಾಳಿತು.

ನೀರಿನ ವಿಷಯದಲ್ಲಿ ರೈತರ ಮೇಲೂ ನನಗೆ ದೂರಿದೆ, ನೇರವಾಗಿಯೇ ಹೇಳುತ್ತೇನೆ. ಘಟಪ್ರಭಾ ಕಾಲುವೆ ನೀರುಣ್ಣುವ ಊರುಗಳಲ್ಲಿ ರಸ್ತೆ ಬದಿಯ ಗಟಾರವನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವರು ಎಷ್ಟು ಜನ! ಸಿಡಿಯ, ಅಂದರೆ ಅಡ್ಡಮೋರಿಯ ಬಾಯಿಗೆ ಮಣ್ಣು ಕಟ್ಟಿ ನೀರನ್ನು ಪಕ್ಕದ ಹೊಲಕ್ಕೆ ತಿರುಗಿಸಿದವರೂ ಇದ್ದಾರೆ. ಕಬ್ಬಿಗೆ ಬಿಟ್ಟ ನೀರು ಹೋಗಲು ದಾರಿಯಿಲ್ಲದೆ ರಸ್ತೆಯ ಬುಡದಲ್ಲಿ ನಿಂತರೆ ಎಂಥ ಕಾಮಗಾರಿಯೂ ಉಳಿಯುವುದಿಲ್ಲ.

ಇನ್ನು ಭಾರ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಲಾರಿಗಳನ್ನು ಸತತವಾಗಿ ಓಡಿಸಿ ನಡೆಸಿದ ಪ್ರಯೋಗದಿಂದ ರಸ್ತೆ ಎಂಜಿನಿಯರುಗಳು ಒಂದು ಲೆಕ್ಕ ಕಲಿತರು: ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ನಾಲ್ಕನೆಯ ಘಾತದಷ್ಟು ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ಒಂದೇ ಅಚ್ಚಿನ ಮೇಲೆ ಹತ್ತು ಟನ್ ಹೇರುವ ಬದಲು ಎರಡು ಅಚ್ಚಿಗೆ ಐದೈದು ಟನ್ ಹಂಚಿದರೆ ಅದೇ ಕಬ್ಬು ಸಾಗುತ್ತದೆ, ಹಾನಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿಗೆ ಅನುಮತಿಸಿದ ಭಾರವನ್ನು 10.2 ಟನ್‌ನಿಂದ 11.5ಕ್ಕೆ ಏರಿಸಿತು. ಕೇಳಲು ಸಣ್ಣ ಏರಿಕೆ. ನಾಲ್ಕನೆಯ ಘಾತದ ಲೆಕ್ಕದಲ್ಲಿ ಪ್ರತಿ ಅಚ್ಚಿನ ಹಾನಿ ಸುಮಾರು ಶೇ 60ರಷ್ಟು ಹೆಚ್ಚಾಯಿತು, ಹಳೆಯ ರಸ್ತೆಗಳ ದಪ್ಪ ಮಾತ್ರ ಅಷ್ಟೇ ಇತ್ತು. ನಿಮ್ಮ ಟ್ರ್ಯಾಕ್ಟರನ್ನು ಬೈಯುವ ಅಧಿಕಾರಿಗಳು ಇದನ್ನೂ ಹೇಳಬೇಕಿತ್ತು.

ಆದ್ದರಿಂದ ನುರಿಸುವ ಹಂಗಾಮು ಶುರುವಾಗುವ ಮೊದಲೇ ಕಾರ್ಖಾನೆಯವರ ಮುಂದೆ ಎರಡು ಬೇಡಿಕೆ ಇಡಿ. ಎರಡು ಅಚ್ಚಿನ ಟ್ರೇಲರಿಗೆ ಸಾಗಣೆ ದರದಲ್ಲಿ ಸ್ವಲ್ಪ ಹೆಚ್ಚು ಕೊಡಲಿ. ಪ್ರತಿ ಟ್ರೇಲರಿನ ಹಿಂದೆ ಪ್ರತಿಫಲಕ ಪಟ್ಟಿ ಇಲ್ಲದಿದ್ದರೆ ತೂಕದ ಕಟ್ಟೆಗೆ ಬಿಡದಿರಲಿ. ರಸ್ತೆಗೆ ಇದರಿಂದ ಏನೂ ಆಗದಿರಬಹುದು. ಆದರೆ ಕತ್ತಲಲ್ಲಿ ನಿಂತ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬಂದು ಬಡಿದ ಬೈಕುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗರ ಮುಖ ಮರೆಯಲು ಆಗುವುದಿಲ್ಲ.

ಟ್ರ್ಯಾಕ್ಟರಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ಇಲ್ಲ. ಸರ್ವಿಸ್ ರಸ್ತೆ ಇರುವಲ್ಲಿ ಮುಖ್ಯ ಪಥಕ್ಕೆ ಪ್ರವೇಶವೂ ಇಲ್ಲ.

ಫಾಸ್ಟ್ಯಾಗ್‌ನಲ್ಲಿ ಹಣವಿದ್ದರೂ ಯಂತ್ರ ಓದಲಿಲ್ಲವೆಂದು ಎರಡು ಪಟ್ಟು ಕೇಳಿದರು. ಕೊಡಬೇಕೇ? ಜಿಲ್ಲೆಯ ಲಾರಿಗಳಿಗೆ ರಿಯಾಯಿತಿ ಇದೆಯೇ? — ಇಂಡಿಯ ಲಾರಿ ಮಾಲೀಕರು

ಕೊಡಬೇಕಿಲ್ಲ. ಟ್ಯಾಗ್ ಊರ್ಜಿತವಿದ್ದು, ಸಾಕಷ್ಟು ಹಣವಿದ್ದು, ಪ್ಲಾಜಾದ ಯಂತ್ರವೇ ಕೆಟ್ಟಿದ್ದರೆ ಶೂನ್ಯ ಮೊತ್ತದ ರಸೀದಿ ಕೊಟ್ಟು ಬಿಡಬೇಕೆಂದು 2018ರಿಂದಲೇ ನಿಯಮವಿದೆ. ಮೊಬೈಲಿನಲ್ಲಿ ಬಾಕಿ ಮೊತ್ತ ತೋರಿಸಿ ಆ ರಸೀದಿ ಕೇಳಿ. ಟ್ಯಾಗ್ ಇಲ್ಲದಿದ್ದರೆ ಅಥವಾ ಅದು ಊರ್ಜಿತವಿಲ್ಲದಿದ್ದರೆ 2025ರಲ್ಲಿ ನಗದಿಗೆ ಎರಡು ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕಟ್ಟಿದರೆ ಒಂದೂಕಾಲು ಪಟ್ಟು.

ಪ್ಲಾಜಾ ಇರುವ ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ಅರ್ಧ ದರ ಇದೆ. ಆದರೆ ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ಅದು ಅನ್ವಯಿಸುವುದಿಲ್ಲ. ನಿಂಬೆಹಣ್ಣು ಹೇರಿಕೊಂಡು ಹೊರ ರಾಜ್ಯಕ್ಕೆ ಹೋಗುವ ನಿಮ್ಮ ಲಾರಿಗೆ ಸಿಗದು, ಊರಿನಿಂದ ವಿಜಯಪುರ ಮಾರುಕಟ್ಟೆಗೆ ಓಡಾಡುವ ಸಣ್ಣ ಗಾಡಿಗೆ ಸಿಕ್ಕೀತು.

ಹೆದ್ದಾರಿಯನ್ನು ಸರ್ಕಾರವೇ ಕಟ್ಟಿ ಜನರಿಗೆ ಬಿಡಬಾರದೇ? ಖಾಸಗಿಯವರ ಕೈಗೆ ಕೊಡುವುದರಿಂದ ಲಾಭ ಯಾರಿಗೆ? — ಇಳಕಲ್‌ನ ಶಿಕ್ಷಕರು

ಬಡತನ ಇನ್ನೂ ನೀಗದ ದೇಶದಲ್ಲಿ ಖಜಾನೆಯ ಒಂದು ರೂಪಾಯಿಗೆ ಹತ್ತು ಕಡೆಯಿಂದ ಕೈ ಚಾಚಿರುತ್ತದೆ. ಶಾಲೆ, ಆಸ್ಪತ್ರೆ, ಕಾಲುವೆ ಎಲ್ಲಕ್ಕೂ ಬೇಕು. ಆದ್ದರಿಂದ ಹಣ ಹುಟ್ಟಿಸಬಲ್ಲ ರಸ್ತೆಗೆ ಬೇರೆಯವರಿಂದ ಬಂಡವಾಳ ತಂದು, ಬಳಸುವವರಿಂದ ತೀರಿಸುವುದು ತಪ್ಪೆಂದು ನಾನು ಹೇಳಲಾರೆ. ಅಪಾಯ ಯಾರ ತಲೆಗೆ ಎಂಬುದೇ ಮುಖ್ಯ ಪ್ರಶ್ನೆ.

ನಿಮ್ಮೂರ ಮೇಲೆ ಹೋಗುವ ರಸ್ತೆಯನ್ನೇ ತೆಗೆದುಕೊಳ್ಳಿ. ವಿಜಯಪುರ–ಹುನಗುಂದ, ಹುನಗುಂದ–ಹೊಸಪೇಟೆ ನಾಲ್ಕು ಪಥದ ಕಾಮಗಾರಿಗಳು ಬಿಒಟಿ ಮಾದರಿಯವು. ಕಂಪನಿ ಸಾಲ ತಂದು ಕಟ್ಟುತ್ತದೆ, ಟೋಲಿನಿಂದ ತೀರಿಸಿಕೊಳ್ಳುತ್ತದೆ, ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಒಪ್ಪಿಸುತ್ತದೆ. ಎಲ್ಲವೂ ಎಷ್ಟು ಲಾರಿ ಬರುತ್ತವೆ ಎಂಬ ಅಂದಾಜಿನ ಮೇಲೆ ನಿಂತಿರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಭಾಗದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹೊಸಪೇಟೆ ಸುತ್ತಿನ ರಸ್ತೆಗಳಿಂದ ಅದಿರು ಲಾರಿಗಳ ಸಾಲೇ ಮಾಯವಾಯಿತು. ಗಣಿಗಾರಿಕೆ ನಿಂತದ್ದು ನ್ಯಾಯವೇ. ಆದರೆ ಲಾರಿ ಎಣಿಸಿ ಸಾಲ ಕೊಟ್ಟ ಬ್ಯಾಂಕಿನ ಕಾಗದ ಎಂಥ ನೆಲದ ಮೇಲಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಆ ದಶಕದಲ್ಲಿ ದೇಶದ ಎಷ್ಟೋ ಕಡೆ ಇಂಥ ಅಂದಾಜು ಕೈಕೊಟ್ಟು ಕಾಮಗಾರಿಗಳು ಅರ್ಧಕ್ಕೆ ನಿಂತವು.

ಅದಾದ ಮೇಲೆ 2016ರಲ್ಲಿ ಹೈಬ್ರಿಡ್ ಆನ್ಯುಟಿ ಮಾದರಿ ಬಂತು. ಶೇ 40ರಷ್ಟನ್ನು ಕಟ್ಟುವಾಗಲೇ ಸರ್ಕಾರ ಕೊಡುತ್ತದೆ, ಉಳಿದ ಶೇ 60ನ್ನು ಕಾಮಗಾರಿ ಮುಗಿದ ಮೇಲೆ ಕಂತುಗಳಲ್ಲಿ ತೀರಿಸುತ್ತದೆ. ಟೋಲ್ ಹಣ ಕಂಪನಿಗೆ ಸೇರದೆ ಸರ್ಕಾರಕ್ಕೆ ಹೋಗುತ್ತದೆ. ನನಗೆ ಇದು ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಲಾರಿಗಳ ಸಂಖ್ಯೆಯನ್ನು ಗುತ್ತಿಗೆದಾರ ಆಳಲಾರ, ರಸ್ತೆಯ ಗುಣಮಟ್ಟವನ್ನು ಆಳಬಲ್ಲ. ಅವನನ್ನು ಅದಕ್ಕೇ ಹೊಣೆ ಮಾಡಬೇಕು. ಕಟ್ಟಿ ಮುಗಿದ ರಸ್ತೆಯ ಟೋಲ್ ಹಕ್ಕನ್ನು ಮುಂದಿನ ಹಲವು ವರ್ಷಗಳಿಗೆ ಒಮ್ಮೆಗೇ ಹಣ ಪಡೆದು ಬಿಟ್ಟುಕೊಡುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಅಳುಕಿದೆ. ಮೊಮ್ಮಕ್ಕಳು ಕಟ್ಟಬೇಕಾದ ಟೋಲನ್ನು ನಾವೇ ಇಂದು ಖರ್ಚು ಮಾಡಿದಂತೆ. ಆ ಹಣದಲ್ಲಿ ಒಂದು ಪಾಲನ್ನಾದರೂ ಅದೇ ರಸ್ತೆಯ ಪಾಲನೆಗೆ ತೆಗೆದಿಡಬೇಕು.

ರಸ್ತೆ ತುಂಬ ಗುಂಡಿ, ಟೋಲ್ ಮಾತ್ರ ತಪ್ಪುವುದಿಲ್ಲ. ಕಟ್ಟುವುದಿಲ್ಲ ಎಂದು ಹಟ ಹಿಡಿಯಬಹುದೇ? — ಖಾನಾಪುರದ ಓದುಗರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಕೇರಳದ ಪಾಲಿಯೆಕ್ಕರ ಪ್ಲಾಜಾದಲ್ಲಿ ರಸ್ತೆಯ ದುಸ್ಥಿತಿಯ ಕಾರಣಕ್ಕೆ ಅಲ್ಲಿನ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ನಾಲ್ಕು ವಾರ ಟೋಲ್ ನಿಲ್ಲಿಸಿತು. ಹೆದ್ದಾರಿ ಪ್ರಾಧಿಕಾರ ಮೇಲ್ಮನವಿ ಸಲ್ಲಿಸಿದರೂ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಆದರೆ ಅದು ಗೆದ್ದದ್ದು ನ್ಯಾಯಾಲಯದಲ್ಲಿ, ಬೂತಿನಲ್ಲಿ ಅಲ್ಲ. ಬೂತಿನಲ್ಲಿ ಕುಳಿತವರು ಹೆಚ್ಚಾಗಿ ಸುತ್ತಲಿನ ಊರುಗಳ ಹುಡುಗರು, ರಾತ್ರಿ ಪಾಳಿಯಲ್ಲಿ ಹೊಗೆ ಕುಡಿಯುತ್ತಾ ಕೂರುವವರು. ಅವರ ಕೊರಳಪಟ್ಟಿ ಹಿಡಿದರೆ ಗುಂಡಿ ಮುಚ್ಚುವುದಿಲ್ಲ.

ದಾಖಲೆ ಕಟ್ಟಿ. ಬಿಒಟಿ ಮಾದರಿ ಒಪ್ಪಂದದಲ್ಲಿ ಗುಂಡಿ ಮುಚ್ಚಲು 48 ಗಂಟೆಗಳ ಗಡುವು ಇರುತ್ತದೆ. ಇಂಥ ದಿನ ಇಂಥ ಗುಂಡಿ ಇತ್ತು, ಇಷ್ಟು ದಿನವಾದರೂ ಇದೆ ಎಂದು ತೋರಿಸುವ ಎರಡು ಚಿತ್ರಗಳು ಗಡುವು ಮೀರಿದ್ದಕ್ಕೆ ಸಾಕ್ಷಿ. 1033 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಅದೇ ಸಂಖ್ಯೆಯೊಂದಿಗೆ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಪತ್ರ ಹಾಕಿ. ಹತ್ತು ಜನ ಬೇರೆ ಬೇರೆ ದಿನ ಹೀಗೆ ಮಾಡಿದರೆ ಕಡತ ತಾನೇ ದಪ್ಪವಾಗುತ್ತದೆ.

ಚಿತ್ರ ತೆಗೆಯುವಾಗ ಹತ್ತಿರದ ಕಿಲೋಮೀಟರ್ ಕಲ್ಲೂ ಅದರಲ್ಲಿ ಬರಲಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಆಗ 1033ಕ್ಕೆ ಕರೆ ಮಾಡಿ ಉಪಯೋಗವಿಲ್ಲ, ಲೋಕೋಪಯೋಗಿ ಇಲಾಖೆಯ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಗೆ ಹೋಗಿ.