ಇರುಳಿಗಿಂತ ಮರುದಿನದ ಬೆಳಗೇ ಕಷ್ಟ

ಪ್ರಶ್ನೆ: ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಪತಿ ದುಬೈಯಲ್ಲಿದ್ದಾರೆ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ಎರಡೂವರೆ ವರ್ಷದ ಮಗಳನ್ನು ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು. ಈಗ ನಾದಿನಿಯ ಬಾಣಂತನಕ್ಕೆಂದು ಅವರು ಕಾರ್ಕಳದ ಮನೆಗೆ ಹೋಗಿದ್ದಾರೆ, ಮಳೆಗಾಲ ಮುಗಿಯುವವರೆಗೆ ಬರುವಂತಿಲ್ಲ. ತಿಂಗಳಲ್ಲಿ ಒಂದು ವಾರ ನನಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನೈಟ್ ಡ್ಯೂಟಿ ಇರುತ್ತದೆ. ಬಿಜೈ, ಕದ್ರಿ ಕಡೆ ನಾನು ವಿಚಾರಿಸಿದ ಡೇ ಕೇರ್‌ಗಳೆಲ್ಲ ಸಂಜೆ ಆರೂವರೆಗೆ ಮುಚ್ಚುತ್ತವೆ. ರಾತ್ರಿ ಮಗುವನ್ನು ಇಟ್ಟುಕೊಳ್ಳುವ ಜಾಗ ಸಿಗಬಹುದೇ? ಹೋಮ್ ನರ್ಸ್ ಇಟ್ಟುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಅಪರಿಚಿತರ ಕೈಗೆ ಮಗುವನ್ನು ಕೊಟ್ಟು ಹೋಗಲು ಭಯ. ಕೆಲಸ ಬಿಡುವುದೇ ವಾಸಿಯೇ?
— ಹೆಸರು ಬೇಡ, ಮಂಗಳೂರು

ಉತ್ತರ: ಕೆಲಸ ಬಿಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತೊಂದರೆ ತಿಂಗಳಿಗೆ ಒಂದು ವಾರದ್ದು, ಅದೂ ಅತ್ತೆ ಹಿಂದಿರುಗುವ ತನಕದ್ದು. ಅದಕ್ಕಾಗಿ ವರ್ಷಗಳ ಸೇವಾ ಹಿರಿತನವನ್ನು ಬಿಟ್ಟುಕೊಟ್ಟರೆ, ಮುಂದೆ ಇನ್ನೊಂದು ಆಸ್ಪತ್ರೆಯಲ್ಲಿ ಕಿರಿಯರ ಸಾಲಿನಲ್ಲಿ ನಿಂತು, ಬಹುಶಃ ಇನ್ನೂ ಹೆಚ್ಚು ನೈಟ್‌ಗಳೊಂದಿಗೆ ಆರಂಭಿಸಬೇಕಾದೀತು.

ರಾತ್ರಿ ತೆರೆದಿರುವ ಕೇಂದ್ರವನ್ನು ಹುಡುಕುತ್ತ ಇನ್ನಷ್ಟು ದಿನ ಕಳೆಯಬೇಡಿ. ಅಂಗನವಾಡಿ ಹಗಲಿನದು, 2023ರ ಬಳಿಕ ಗ್ರಾಮ ಪಂಚಾಯತ್‌ಗಳಲ್ಲಿ ತೆರೆದ ‘ಕೂಸಿನ ಮನೆ’ಗಳೂ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಹಗಲಿನ ದುಡಿಮೆಗೆ ಹೊಂದಿಸಿದವು. ನಿಮಗೆ ಬೇಕಾಗಿರುವುದು ನಿಮ್ಮ ಮನೆಗೇ ಬಂದು ಮಲಗುವ, ಮಗುವಿಗೆ ಮೊದಲೇ ಪರಿಚಯವಾದ ಒಬ್ಬ ಹೆಂಗಸು. ಆದರೆ ಅವರನ್ನು ಎಷ್ಟು ಹೊತ್ತಿಗೆ ಗೊತ್ತುಮಾಡಬೇಕು ಎಂಬ ಲೆಕ್ಕವನ್ನು ನೀವು ಇನ್ನೊಮ್ಮೆ ಹಾಕಬೇಕು. ಎರಡೂವರೆ ವರ್ಷದ ಮಗು ಒಂಬತ್ತಕ್ಕೆ ಮಲಗಿದರೆ ರಾತ್ರಿ ಹೇಗೋ ಸಾಗುತ್ತದೆ. ಕಷ್ಟದ ಹೊತ್ತು ಆರಂಭವಾಗುವುದು ಬೆಳಿಗ್ಗೆ, ನೀವು ರೋಗಿಗಳ ವರದಿ ಒಪ್ಪಿಸಿ, ಬಸ್ಸು ಹಿಡಿದು, ಒಂಬತ್ತು ಗಂಟೆಗೆ ಮನೆ ಸೇರಿದಾಗ. ಆಗ ನಿಮಗೆ ಕಣ್ಣು ಎಳೆಯುತ್ತಿರುತ್ತದೆ, ಮಗಳು ನಿದ್ದೆ ಮುಗಿಸಿ ಆಟಕ್ಕೆ ಸಿದ್ಧಳಾಗಿರುತ್ತಾಳೆ. ನಿದ್ದೆಗೆಟ್ಟ ತಾಯಿ ಐದು ನಿಮಿಷ ಒರಗಿದ ಹೊತ್ತಿನಲ್ಲೇ ನೀರು ತುಂಬಿದ ಬಕೆಟ್, ಗ್ಯಾಸ್ ಒಲೆ, ಚಿಲಕ ಹಾಕದ ಗೇಟು ಅಪಾಯವಾಗುತ್ತವೆ. ಈ ವಯಸ್ಸಿನ ಮಗು ಮುಳುಗಲು ಅರ್ಧ ಬಕೆಟ್ ನೀರು ಸಾಕು. ಮರುರಾತ್ರಿ ಮತ್ತೆ ಐಸಿಯುವಿನಲ್ಲೋ ವಾರ್ಡಿನಲ್ಲೋ ಔಷಧಿಯ ಪ್ರಮಾಣ ಲೆಕ್ಕ ಹಾಕಬೇಕಾದ ನಿಮಗೆ ಹಗಲಿನಲ್ಲಿ ಐದಾರು ಗಂಟೆಯ ಅಡ್ಡಿಯಿಲ್ಲದ ನಿದ್ದೆ ಬೇಕೇ ಬೇಕು. ಆದ್ದರಿಂದ ಸಂಜೆ ಆರೂವರೆಯಿಂದ ಮರುದಿನ ಮಧ್ಯಾಹ್ನ ಎರಡು ಗಂಟೆಯವರೆಗಿನ ವ್ಯವಸ್ಥೆಯನ್ನು ಹುಡುಕಿ. ನೀವು ಬೇಡವೆಂದು ಬಿಟ್ಟುಬಂದ ಡೇ ಕೇರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ರಾತ್ರಿ ಜೊತೆಗಿದ್ದವರು ಬೆಳಿಗ್ಗೆ ಮಗುವಿಗೆ ತಿಂಡಿ ತಿನ್ನಿಸಿ ಅಲ್ಲಿಗೆ ಬಿಡಲಿ, ನೀವು ನೇರವಾಗಿ ಮನೆಗೆ ಬಂದು ಮಲಗಿ, ಎದ್ದು ಕರೆತನ್ನಿ. ಕೆಲವು ದಿನಗಳಿಗೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿನೋಡಿ.

ಹೋಮ್ ನರ್ಸ್ ಏಜೆನ್ಸಿಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ, ಆದರೆ ಅವರು ಕಳುಹಿಸುವವರಲ್ಲಿ ಹೆಚ್ಚಿನವರಿಗೆ ಅಭ್ಯಾಸವಿರುವುದು ಹಾಸಿಗೆ ಹಿಡಿದ ಹಿರಿಯರ ಆರೈಕೆ. ಓಡಾಡುವ ಮಗುವಿನ ಹಿಂದೆ ಓಡುವುದು ಬೇರೆಯೇ ಕೆಲಸ. ಮೇಲಾಗಿ ತಿಂಗಳಿಡೀ ಮನೆಯಲ್ಲೇ ಉಳಿಯುವ ಕರಾರು ಅವರಿಗೆ ಅನುಕೂಲ; ನಿಮ್ಮ ಒಂದು ವಾರಕ್ಕೆ ಪ್ರತಿ ಸಲವೂ ಹೊಸ ಮುಖ ಬಂದರೆ ಮಗುವಿಗೆ ಅದೇ ದೊಡ್ಡ ತೊಂದರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದವರು ನಿಮ್ಮದೇ ಬಾಣಂತನದಲ್ಲಿ ಮಗುವಿಗೆ ಎಣ್ಣೆ ತಿಕ್ಕಿ ಮೀಯಿಸಲು ಬರುತ್ತಿದ್ದವರು, ನಿವೃತ್ತರಾದ ಅಂಗನವಾಡಿ ಸಹಾಯಕಿ ಅಥವಾ ಆಸ್ಪತ್ರೆಯ ಆಯಾ, ಇಲ್ಲವೇ ಮಕ್ಕಳು ದೊಡ್ಡವರಾಗಿ ಮನೆ ಖಾಲಿಯಾದ ನೆರೆಯವರು. ಅವರೇ ನಿಮ್ಮ ಮನೆಗೆ ಬರುವುದು ಉತ್ತಮ. ಮಗು ಅವರ ಮನೆಗೆ ಹೋಗಬೇಕಾಗಿ ಬಂದರೆ ಅಲ್ಲಿ ರಾತ್ರಿ ಇನ್ನು ಯಾರೆಲ್ಲ ಮಲಗುತ್ತಾರೆ, ಮಗು ಯಾರ ಪಕ್ಕದಲ್ಲಿ ಮಲಗುತ್ತದೆ ಎಂದು ಮುಜುಗರವಿಲ್ಲದೆ ಕೇಳಿ. ಉತ್ತರಿಸಲು ಹಿಂಜರಿಯುವ ಮನೆಗೆ ಕಳುಹಿಸಬೇಡಿ.

ಅಪರಿಚಿತರನ್ನೇ ನೇಮಿಸಬೇಕಾದರೆ ಆಧಾರ್ ಪ್ರತಿ ತೆಗೆದುಕೊಂಡು, ಅವರು ಹಿಂದೆ ದುಡಿದ ಮನೆಯವರೊಡನೆ ನೀವೇ ಫೋನಿನಲ್ಲಿ ಮಾತಾಡಿ. ಮನೆಗೆಲಸದವರ ಪೂರ್ವಾಪರದ ಪೊಲೀಸ್ ಪರಿಶೀಲನೆಯ ಬಗ್ಗೆ ಹತ್ತಿರದ ಠಾಣೆಯಲ್ಲಿ ವಿಚಾರಿಸಿ. ಅದಾದ ಮೇಲೆ ಒಂದು ಹಗಲು, ಒಂದು ಸಂಜೆ, ಆಮೇಲೆ ನೀವು ಪಕ್ಕದ ಕೋಣೆಯಲ್ಲಿ ಇರುವಂತೆಯೇ ಒಂದು ರಾತ್ರಿ, ಈ ಕ್ರಮದಲ್ಲಿ ಮಗುವನ್ನು ರೂಢಿ ಮಾಡಿಸಿ. ಕ್ಯಾಮೆರಾ ಹಾಕುವುದಿದ್ದರೆ ಅವರಿಗೆ ತಿಳಿಸಿಯೇ ಹಾಕಿ. ಮಗು ಒಬ್ಬರನ್ನು ಕಂಡೊಡನೆ ಬೆದರುವುದು, ಬಿಟ್ಟಿದ್ದ ಅಭ್ಯಾಸಗಳು ಮರುಕಳಿಸುವುದು, ಮೈಮೇಲೆ ವಿವರಣೆಯಿಲ್ಲದ ಗುರುತುಗಳು ಕಾಣಿಸುವುದು ಕ್ಯಾಮೆರಾಗಿಂತ ಹೆಚ್ಚನ್ನು ಹೇಳುತ್ತವೆ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಲಭ್ಯವಿದೆ.

ನೀವು ನರ್ಸ್ ಆದುದರಿಂದ ನಿಮಗೆ ಸಹಜವೆನಿಸುವ ಸಂಗತಿಗಳನ್ನು ಅವರಿಗೆ ಬರೆದೇ ಕೊಡಬೇಕು. ಪ್ಯಾರಾಸಿಟಮಾಲ್ ಸಿರಪ್‌ಗಳಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಆದ್ದರಿಂದ ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಬಾಟಲಿಯ ಮೇಲೆಯೇ ಅಂಟಿಸಿಡಿ. ಮಗು ನಿದ್ದೆ ಮಾಡಲೆಂದು ಶೀತದ ಸಿರಪ್ ಕುಡಿಸುವ ಕೆಟ್ಟ ರೂಢಿ ಕೆಲವರಲ್ಲಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಇಂಥ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಸೂಚಿಸಿದ್ದಾರೆ; ಇದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಟಾರ್ಚು ಕೈಗೆ ಸಿಗುವಲ್ಲಿರಲಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಾದ ಕಾರಣ ಮಗುವಿನ ಮಧ್ಯಾಹ್ನದ ನಿದ್ದೆಗೂ ಸೊಳ್ಳೆಪರದೆ ಬೇಕು. ಮಗಳ ಕಣ್ಣು ತಪ್ಪಿಸಿ ಡ್ಯೂಟಿಗೆ ಹೋಗಬೇಡಿ. ಹೇಳಿಯೇ ಹೊರಡಿ, ಅತ್ತರೂ ಸರಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಮಗಳು ಮಲಗುವ ಮುನ್ನ ವೀಡಿಯೊ ಕರೆ ಮಾಡುವುದನ್ನು ಆ ವಾರದ ಮಟ್ಟಿಗೆ ನಿಮ್ಮ ಪತಿ ತಮ್ಮ ಡ್ಯೂಟಿ ಎಂದೇ ತಿಳಿಯಲಿ.

ಆಸ್ಪತ್ರೆಯ ಜವಾಬ್ದಾರಿಯ ಬಗ್ಗೆಯೂ ಹೇಳಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತ್ತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಆ ಕಾಯ್ದೆಯ ಬದಲಿಗೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹಗಲು ಮತ್ತು ರಾತ್ರಿ ಪಾಳಿಗಳಿರುವ ಕಡೆ ಆ ಕೇಂದ್ರವೂ ಪಾಳಿಯಲ್ಲೇ ನಡೆಯಬೇಕು. ಇಡೀ ರಾತ್ರಿ ದೀಪ ಆರದ ಕಟ್ಟಡದಲ್ಲಿ ಸಿಬ್ಬಂದಿಯ ಮಕ್ಕಳಿಗೊಂದು ಕೋಣೆ ಸಿಗುವುದಿಲ್ಲವೆಂದರೆ ಅದನ್ನು ಜಾಗದ ಕೊರತೆ ಎನ್ನಲು ನಾನು ಸಿದ್ಧಳಿಲ್ಲ. ಆದರೆ ಒಬ್ಬರೇ ಹೋಗಿ ಕೇಳಬೇಡಿ. ಚಿಕ್ಕ ಮಕ್ಕಳಿರುವ ಎಲ್ಲರ ಸಹಿಯಿರುವ ಮನವಿಯನ್ನು ಕೊಡಿ, ಅದಕ್ಕೂ ಜಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಇದು ಈ ಮಳೆಗಾಲದಲ್ಲಿ ಕೈಗೂಡುವ ಕೆಲಸವಲ್ಲ. ಸದ್ಯಕ್ಕೆ ನೈಟ್ ವಾರವನ್ನು ಒಂದು ತಿಂಗಳು ಮೊದಲೇ ತಿಳಿಸುವಂತೆ ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಕೇಳಿ, ಮತ್ತು ನಿಮ್ಮಂತೆಯೇ ಮಗುವಿರುವ ಒಬ್ಬ ಸಹೋದ್ಯೋಗಿಯ ನೈಟ್ ನಿಮ್ಮ ನೈಟ್‌ನೊಂದಿಗೆ ಬೀಳದಂತೆ ರೋಸ್ಟರ್ ಹಾಕಿಸಿಕೊಳ್ಳಿ. ಆಗ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಬಹುದು.

ಪ್ರಶ್ನೆ: ಮಣಿಪಾಲದಲ್ಲಿ ನನಗೆ ರಾತ್ರಿ ಪಾಳಿಯ ಕೆಲಸ. ಹೆಂಡತಿಯ 26 ವಾರಗಳ ಹೆರಿಗೆ ರಜೆ ಮುಗಿಯುತ್ತಿದ್ದು, ಅವಳಿಗೂ ಕೆಲವು ರಾತ್ರಿಗಳು ಬರುತ್ತವೆ. ಆಗ ಮಗುವನ್ನು 68 ವರ್ಷದ ನನ್ನ ಅಮ್ಮ ನೋಡಿಕೊಳ್ಳುವುದೆಂದಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಎದೆಹಾಲನ್ನು ತೆಗೆದಿಟ್ಟು ಹೋದರೆ ಎಷ್ಟು ಹೊತ್ತು ಕೆಡದೆ ಇರುತ್ತದೆ?
— ಓದುಗ, ಉಡುಪಿ

ಉತ್ತರ: ಹಾಲಿನದು ಸುಲಭದ ಪ್ರಶ್ನೆ. 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಎಂಬುದು ವೈದ್ಯರು ಹೇಳುವ ಲೆಕ್ಕ, ಆದರೆ ಉಡುಪಿಯ ಸೆಕೆಯಲ್ಲಿ ಅಷ್ಟು ತಂಪಾದ ಕೋಣೆ ಅಪರೂಪ. ತೆಗೆದ ಕೂಡಲೇ ಫ್ರಿಡ್ಜಿನ ಬಾಗಿಲಿನಲ್ಲಿಡದೆ ಒಳಭಾಗದಲ್ಲಿಡಿ. ಅಲ್ಲಿ ನಾಲ್ಕು ದಿನ ಇರುತ್ತದೆ. ಬಾಟಲಿಯ ಮೇಲೆ ದಿನಾಂಕ ಬರೆಯಿರಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು. ಮಗು ಕುಡಿದು ಉಳಿದದ್ದನ್ನು ಎರಡು ಗಂಟೆಯ ಮೇಲೆ ಇಡಬಾರದು.

ನನಗೆ ಚಿಂತೆ ಇರುವುದು ನಿಮ್ಮ ತಾಯಿಯ ಬಗ್ಗೆ. ಆರು ತಿಂಗಳ ಮಗು ರಾತ್ರಿ ಎರಡು ಮೂರು ಸಲ ಏಳುತ್ತದೆ. ಸಕ್ಕರೆ ಕಾಯಿಲೆಯಿರುವ ಹಿರಿಯರು ನಿದ್ದೆಗೆಟ್ಟು, ಹೊತ್ತಿಗೆ ಸರಿಯಾಗಿ ಉಣ್ಣದೆ ಹೋದರೆ ಸಕ್ಕರೆ ಇಳಿದು ಕುಸಿಯಬಹುದು, ಆಗ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರುವುದಿಲ್ಲ. ಹಾಗಾಗಿ ಹೆಂಡತಿಗೆ ನೈಟ್ ಬಂದ ದಿನಗಳಲ್ಲಿ ನೀವು ಪಾಳಿ ಬದಲಿಸಿಕೊಳ್ಳಬೇಕು. ತಾಯಿಯಾದವಳು ಮಾತ್ರ ಮೇಲಧಿಕಾರಿಯ ಬಳಿ ವಿನಂತಿ ಮಾಡಬೇಕೆಂಬ ನಿಯಮವಿಲ್ಲ. ಒಂದೆರಡು ರಾತ್ರಿ ಅದು ಸಾಧ್ಯವಾಗದಿದ್ದರೆ ಅಮ್ಮನ ಜೊತೆ ಇನ್ನೊಬ್ಬರು ಮಲಗಲೇಬೇಕು. ಮಗುವನ್ನು ಅಂಗಾತ, ಗಟ್ಟಿಯಾದ ಹಾಸಿಗೆಯಲ್ಲಿ, ದಿಂಬಿಲ್ಲದೆ ಮಲಗಿಸಬೇಕೆಂದು ಅಮ್ಮನಿಗೆ ಹೇಳಿ. ಅವರ ಕಾಲದ ರೂಢಿ ಬೇರೆಯಿದ್ದಿರಬಹುದು.

ಪ್ರಶ್ನೆ: ನಮ್ಮ ಓಣಿಯ ನರ್ಸ್ ಹುಡುಗಿಯೊಬ್ಬಳು ರಾತ್ರಿ ಡ್ಯೂಟಿ ಇರುವಾಗ ಮಗನನ್ನು ನನ್ನಲ್ಲಿ ಬಿಡುತ್ತೇನೆ ಎನ್ನುತ್ತಾಳೆ. ನನಗೂ ಒಪ್ಪಿಗೆಯೇ. ಆದರೆ ನೆರೆಯವರಲ್ಲಿ ಹಣ ಕೇಳುವುದು ಹೇಗೆ? ಮಗುವಿಗೆ ಏನಾದರೂ ಆದರೆ ನನ್ನ ಮೇಲೆ ಬರುವುದಿಲ್ಲವೇ?
— ಗೃಹಿಣಿ, ಅಂಬಲಪಾಡಿ

ಉತ್ತರ: ಹಣವನ್ನು ಕೇಳಿ, ಮೊದಲ ರಾತ್ರಿಗಿಂತ ಮೊದಲೇ ಕೇಳಿ. ಮಗು ಮಲಗಿರುವ ಹೊತ್ತೂ ನಿಮ್ಮ ದುಡಿಮೆಯೇ, ಏಕೆಂದರೆ ಆ ಹೊತ್ತಿನಲ್ಲಿ ನೀವು ಮನೆ ಬಿಟ್ಟು ಹೋಗುವಂತಿಲ್ಲ, ನಿಶ್ಚಿಂತೆಯಿಂದ ನಿದ್ದೆ ಮಾಡುವಂತೆಯೂ ಇಲ್ಲ. ರಾತ್ರಿಗೆ ಇಷ್ಟು ಎಂದು ಗೊತ್ತುಮಾಡಿ, ಡ್ಯೂಟಿ ಕೊನೆ ಗಳಿಗೆಯಲ್ಲಿ ರದ್ದಾದರೆ ಎಷ್ಟು, ಬೆಳಿಗ್ಗೆ ಅವಳು ತಡವಾಗಿ ಬಂದರೆ ಎಷ್ಟು ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಬಾಯಿಮಾತಿನ ಹೊಂದಾಣಿಕೆಯೇ ಮುಂದೆ ನೆರೆಹೊರೆಯ ಮನಸ್ತಾಪಕ್ಕೆ ಕಾರಣವಾಗುವುದು ಹೆಚ್ಚು.

ಎರಡನೆಯ ಭಯಕ್ಕೆ ಒಂದು ಪುಟದ ಕಾಗದ ಸಾಕು. ತುರ್ತಿನಲ್ಲಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು ಚಿಕಿತ್ಸೆ ಕೊಡಿಸಲು ಅವಳ ಸಹಿಯಿರುವ ಒಪ್ಪಿಗೆ, ಮಗುವಿಗೆ ಯಾವುದು ಒಗ್ಗುವುದಿಲ್ಲ ಎಂಬ ವಿವರ, ಅವಳ ವಾರ್ಡಿನ ಸ್ಥಿರ ದೂರವಾಣಿ ಸಂಖ್ಯೆ ಅದರಲ್ಲಿರಲಿ. ಡ್ಯೂಟಿಯಲ್ಲಿರುವವರು ಮೊಬೈಲನ್ನು ಲಾಕರಿನಲ್ಲಿಟ್ಟಿರಬಹುದು. ನಿಮಗೇ ಜ್ವರ ಬಂದ ದಿನ ಮಗು ಯಾರ ಬಳಿ ಇರಬೇಕೆಂಬುದನ್ನು ಅವಳೇ ನಿರ್ಧರಿಸಿ ಆ ಹೆಸರನ್ನೂ ಬರೆದುಕೊಡಲಿ. ಒಂದು ಮಗುವನ್ನು ಒಪ್ಪಿಕೊಂಡ ಸುದ್ದಿ ಹಬ್ಬಿದರೆ ಓಣಿಯಲ್ಲಿ ಇನ್ನಿಬ್ಬರು ಕೇಳಿಕೊಂಡು ಬರುತ್ತಾರೆ. ಮಳೆಗಾಲ ಮುಗಿಯುವವರೆಗಾದರೂ ಒಂದೇ ಮಗುವನ್ನು ಇಟ್ಟುಕೊಂಡು, ನಿಮ್ಮ ಆರೋಗ್ಯ ಮತ್ತು ಮನೆಯವರ ಸಹಕಾರ ಹೇಗಿದೆ ನೋಡಿ, ಆಮೇಲೆ ಅವರಿಗೆ ಉತ್ತರ ಕೊಡಿ.