ನಾಡಿ ಎಣಿಸುವಾಗ ಬಂದ ಮೆಸೇಜು

ರೇಣುಕಾ (ಹೆಸರು, ಗುರುತಿನ ವಿವರ ಬದಲಿಸಿದ್ದೇನೆ) ನನ್ನ ಬಳಿ ಆಪ್ತಸಮಾಲೋಚನೆಗೆ ತಾನಾಗಿ ಬಂದವಳಲ್ಲ, ಕಾಲೇಜಿನವರು ಕಳಿಸಿದ್ದು. ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ, ಊರು ಬಾಗಲಕೋಟೆ ಕಡೆ, ಬೆಂಗಳೂರಿನಲ್ಲಿ ಹಾಸ್ಟೆಲ್ ವಾಸ. ಕೈಯಲ್ಲಿದ್ದ ಚೀಟಿಯಲ್ಲಿ ಒಂದೇ ಸಾಲು: 'ವಾರ್ಡಿನಲ್ಲೂ ಮೊಬೈಲ್ ಬಿಡುವುದಿಲ್ಲ.'

ನಡೆದದ್ದಿಷ್ಟು. ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಅಷ್ಟರಲ್ಲಿ ಮೆಸೇಜು ಇಳಿಯಿತು, ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸದೆ ಅಂದಾಜಿನಲ್ಲಿ 78 ಎಂದು ಚಾರ್ಟಿನಲ್ಲಿ ಬರೆದಳು. ಹಿಂದೆಯೇ ಬಂದ ಸಿಸ್ಟರ್ ಎಣಿಸಿದರೆ 104. ರೋಗಿಗೆ ತೊಂದರೆಯಾಗಲಿಲ್ಲ. ಇವಳಿಗೆ ಮಾತ್ರ ಆ ಎರಡು ಅಂಕಿ ಹೇಳುವಾಗ ಗಂಟಲು ಕಟ್ಟಿತು.

ನಾನು ಮೊದಲು ಕೇಳಿದ್ದು ವಾಚಿನ ಬಗ್ಗೆ.

"ಹೋದ ವರ್ಷನ ಕೆಟ್ಟೇತ್ರಿ ಮೇಡಂ. ಮೊಬೈಲ್ ಐತಲ್ಲ ಅಂತ ಬಿಟ್ಟೆ."

ಸ್ಮಾರ್ಟ್‌ಫೋನ್ ಬಳಕೆಯ ಹತ್ತು ಪ್ರಶ್ನೆಗಳ ಪಟ್ಟಿ ಕೊಟ್ಟೆ. 60ಕ್ಕೆ 47 ಬಂತು. 2013ರಲ್ಲಿ ಕೊರಿಯಾದಲ್ಲಿ ಅದನ್ನು ರೂಪಿಸಿದಾಗ ಹುಡುಗಿಯರಿಗೆ ಎಳೆದ ಅಪಾಯದ ಗೆರೆ 33. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಇದೆಯೇ ಹೊರತು 'ಮೊಬೈಲ್ ಚಟ' ಎಂಬ ಪ್ರತ್ಯೇಕ ರೋಗವಿಲ್ಲ. ಅಂಕ ನೋಡಿ ಹಣೆಪಟ್ಟಿ ಹಚ್ಚಲು ನನಗೆ ಮನಸ್ಸಾಗಲಿಲ್ಲ. ದಿನ ಹೇಗೆ ಕಳೆಯುತ್ತದೆ ಹೇಳಮ್ಮ ಎಂದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಾಠದಲ್ಲಿ ಎರಡು ಸಾಲಿಗೊಂದು ಅರ್ಥವಾಗದ ಪದ, ಪ್ರತಿ ಪದಕ್ಕೂ ಮೊಬೈಲ್. 'ಎಡಿಮಾ' ಎಂದರೆ ಊತ ಎಂದು ತಿಳಿಯಲು ಅರ್ಧ ನಿಮಿಷ ಸಾಕು, ತೆರೆದ ಮೊಬೈಲಿನಿಂದ ಹೊರಬರಲು ಮುಕ್ಕಾಲು ಗಂಟೆ. ಪೋಸ್ಟಿಂಗ್ ಬದಲಾದ ಸುದ್ದಿ, ನೋಟ್ಸು, ಎಲ್ಲವೂ ವಾಟ್ಸಾಪ್ ಗುಂಪಿಗೇ ಬರುತ್ತವೆ. ಮೊಬೈಲ್ ಮುಟ್ಟಬೇಡ ಎನ್ನುವ ಕಾಲೇಜೇ ಮೊಬೈಲಿನಲ್ಲಿ ಹಾಜರಿರು ಎನ್ನುತ್ತದೆ! ಇದನ್ನು ಅವರಿಗೂ ಬರೆದು ತಿಳಿಸಿದೆ.

ರಾತ್ರಿಯದ್ದು ಬೇರೆ ಕಥೆ. "ರೂಮಿನಾಗ ಉಳಿದ ಮೂರೂ ಮಂದಿ ಮಲಯಾಳಂ ಮಾತಾಡ್ತಾರ್ರೀ. ಛಲೋ ಹುಡುಗ್ಯಾರು, ಜಗಳ ಏನಿಲ್ಲ. ಆದ್ರ ಯಾಕ ನಗಾಕತ್ತಾರ ಅಂತ ತಿಳಿಯಂಗಿಲ್ಲ." ಹೊದಿಕೆಯೊಳಗೆ ಇಯರ್‌ಫೋನ್ ಹಾಕಿಕೊಂಡು ಎರಡು ಗಂಟೆವರೆಗೆ ಊರ ಕಡೆಯವರ ರೀಲ್ಸ್. ಐದೂವರೆಗೆ ಎದ್ದು ವಾರ್ಡಿಗೆ. ನಿದ್ದೆಗೆಟ್ಟ ತಲೆಗೆ ಮತ್ತೆ ಮೊಬೈಲೇ ಆಸರೆ. ಅವಳು ಹುಡುಕುತ್ತಿದ್ದದ್ದು ಕನ್ನಡದ ದನಿ ಎಂದು ನನಗನ್ನಿಸಿತು.

ಮೊಬೈಲ್ ಕಿತ್ತಿಡುವ ಮಾತು ಆಡಲಿಲ್ಲ. ಮೊದಲು ಸೆಕೆಂಡ್ ಮುಳ್ಳಿರುವ ವಾಚು ಕೊಳ್ಳು, ಡ್ಯೂಟಿಗೆ ಹೋಗುವಾಗ ಫೋನ್ ಲಾಕರಿನಲ್ಲಿಡು ಎಂದೆ. ಪಾಠದ ಪದಗಳನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸಂಜೆ ಒಟ್ಟಿಗೆ ಹುಡುಕುವುದು. ಅವ್ವನ ಫೋನಿಗೆ ರಾತ್ರಿ ಎಂಟೂವರೆ, ಆಮೇಲೆ ಚಾರ್ಜರು ಬಾಗಿಲ ಬಳಿಯ ಪ್ಲಗ್ಗಿಗೆ, ಮಂಚದಿಂದ ಕೈಗೆಟುಕದ ಕಡೆ. ಇನ್ನೊಂದು ಸಲಹೆ ಮಾತಿನ ನಡುವೆ ಹೊಳೆಯಿತು: ರೋಗಿಗಳ ಜೊತೆ ಮಾತಾಡಲು ರೂಮಿನವರಿಗೆ ಕನ್ನಡ ಬೇಕು, ಇವಳಿಗೆ ಇಂಗ್ಲಿಷ್ ಬೇಕು. ದಿನಕ್ಕೆ ಅರ್ಧ ಗಂಟೆ ಕೊಟ್ಟು ತೆಗೆದುಕೊಳ್ಳಿ. ಆರು ವಾರದಲ್ಲಿ ಹತೋಟಿಗೆ ಬರದಿದ್ದರೆ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ನಡೆಯುತ್ತಿರುವ 'ಶಟ್' ಕ್ಲಿನಿಕ್ ಇದೆ; ರಾತ್ರಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416 ಎಂದು ಬರೆದುಕೊಟ್ಟೆ.

ಐದನೇ ಭೇಟಿಗೆ ದಿನದ ಮೊಬೈಲ್ ಬಳಕೆ ಏಳು ಗಂಟೆಯಿಂದ ನಾಲ್ಕಕ್ಕೆ ಇಳಿದಿತ್ತು. ಪರೀಕ್ಷೆಯ ವಾರ ಮತ್ತೆ ಆರಕ್ಕೇರಿತು, ಅದನ್ನು ಮುಚ್ಚಿಡದೆ ಹೇಳಿದಳು. ಕೈಯಲ್ಲಿ ಕಪ್ಪು ಪಟ್ಟಿಯ ವಾಚಿತ್ತು.

ರೂಮಿನವರ ಕನ್ನಡ ಎಲ್ಲಿಗೆ ಬಂತು ಎಂದೆ. ನಗು ತಡೆಯಲಾಗಲಿಲ್ಲ ಅವಳಿಗೆ. ಒಬ್ಬಳು ವಾರ್ಡಿನಲ್ಲಿ ಮಾಗಡಿಯ ಅಜ್ಜಿಯೊಬ್ಬರನ್ನು "ಎಲ್ಲಿ ಬ್ಯಾನಿ ಆಗಾಕತ್ತೇತ್ರಿ?" ಎಂದು ಕೇಳಿದಳಂತೆ.

"ಅಜ್ಜಿ, ನೀನು ಹುಬ್ಳಿಯವಳೇನಮ್ಮ ಅಂದ್ರಂತ್ರೀ ಮೇಡಂ."