ಪ್ರಾಣಿಗಳಿಗೂ ನಮ್ಮ ಥರಾನೇ ಭಾವನೆ ಇರುತ್ತಾ?

ನಾಯಿ ಚಪ್ಪಲಿ ಕಚ್ಚಿ ಹಾಕಿ ಆಮೇಲೆ ತಪ್ಪಾಯ್ತು ಅನ್ನೋ ಹಾಗೆ ಮುಖ ಮಾಡ್ಕೊಂಡು ಕೂರುತ್ತೆ, ಅದಕ್ಕೂ ನಮ್ಮ ಥರ ಪಶ್ಚಾತ್ತಾಪ ಆಗುತ್ತಾ ಅಂತ ಕೇಳಿದೀರಿ. ಭಾವನೆ ಇದೆ, ಅದ್ರಲ್ಲಿ ನಂಗೆ ಡೌಟೇ ಇಲ್ಲ. ಆದ್ರೆ ಆ ಮುಖ ನೋಡಿ ಮಾತ್ರ ನಾವೆಲ್ಲ ಏಮಾರ್ತೀವಿ.

2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ ಇದನ್ನೇ ಟೆಸ್ಟ್ ಮಾಡಿದ್ರು. ತಿಂಡಿ ಮುಟ್ಟಬೇಡ ಅಂತ ಹೇಳಿ ಓನರ್ ರೂಮಿಂದ ಹೊರಗೆ ಹೋಗೋದು, ವಾಪಸ್ ಬಂದಾಗ ನಾಯಿ ತಿಂದಿದೆ ಅಂತಲೋ ತಿಂದಿಲ್ಲ ಅಂತಲೋ ಅವರಿಗೆ ಹೇಳೋದು, ಕೆಲವು ಸಲ ಬೇಕಂತ್ಲೇ ಸುಳ್ಳು ಹೇಳೋದು. ಕೊನೆಗೆ ನೋಡಿದ್ರೆ ಆ ಪಾಪದ ಮುಖಕ್ಕೂ ತಪ್ಪಿಗೂ ಸಂಬಂಧಾನೇ ಇಲ್ಲ, ಬೈಸಿಕೊಂಡ ನಾಯಿ ಹಂಗೆ ಮುಖ ಮಾಡುತ್ತೆ ಅಷ್ಟೆ, ಏನೂ ಮಾಡದೆ ಬೈಸಿಕೊಂಡಿದ್ದಂತೂ ಇನ್ನೂ ಜಾಸ್ತಿ. ನಮ್ಮನೇಲೂ ಒಂದ್ಸಲ ದಿಂಬು ಹರಿದಿದ್ದಕ್ಕೆ ನಾಯಿಗೆ ಚೆನ್ನಾಗಿ ಬೈದೆ, ಅದು ಕಿವಿ ಮಡಚ್ಕೊಂಡು ಮೂಲೆ ಸೇರ್ತು, ಆಮೇಲೆ ಗೊತ್ತಾಯ್ತು ಹರಿದಿದ್ದು ಬೆಕ್ಕು!

ಹಾಗಂತ ಒಳಗೆ ಏನೂ ಇಲ್ಲ ಅಂತಲ್ಲ. ಆ ಮುಖದಲ್ಲಿರೋದು ಭಯ, ಅದು ಅಪ್ಪಟ ನಿಜ. ಭಯ ಹುಟ್ಟಿಸೋ ಅಮಿಗ್ಡಲಾ ಅನ್ನೋ ಮೆದುಳಿನ ಭಾಗ ನಮಗೂ ಇದೆ, ನಾಯಿಗೂ ಇದೆ, ಇಲಿಗೂ ಇದೆ. ಡಿಪ್ರೆಶನ್‌ಗೆ ನಮಗೆ ಕೊಡೋ ಫ್ಲೂಆಕ್ಸೆಟಿನ್ ಮಾತ್ರೇನೇ ಒಂಟಿ ಬಿಟ್ಟು ಹೋದ್ರೆ ಗಾಬರಿ ಬೀಳೋ ನಾಯಿಗಳಿಗೂ ವೆಟ್‌ಗಳು ಕೊಡ್ತಾರೆ.

ಇಲಿ ಅಂದೆ ಅಲ್ವಾ, ಇದನ್ನ ಕೇಳಿ. ಯಾಕ್ ಪ್ಯಾಂಕ್‌ಸೆಪ್ ಅನ್ನೋ ವಿಜ್ಞಾನಿ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದ್ರು, ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಅಂತಿದ್ವು, ನಮ್ಮ ಕಿವಿಗೆ 20ರ ಮೇಲೆ ಕೇಳೋದೇ ಇಲ್ಲ ಹಾಗಾಗಿ ಅದು ನಮಗೆ ಗೊತ್ತೇ ಆಗಲ್ಲ, ಕೈ ತೆಗೆದ್ರೆ ಇನ್ನೂ ಬೇಕು ಅಂತ ಕೈ ಹಿಂದೇನೇ ಓಡಿ ಬರ್ತಿದ್ವಂತೆ. 2011ರ ಇನ್ನೊಂದು ಪ್ರಯೋಗದಲ್ಲಿ ಪಕ್ಕದಲ್ಲೇ ಚಾಕ್ಲೇಟ್ ಇದ್ರೂ ಸಿಕ್ಕಿಹಾಕ್ಕೊಂಡ ಜೊತೆಗಾರ ಇಲಿಯನ್ನ ಬಿಡಿಸಿ ಎಷ್ಟೋ ಸಲ ಚಾಕ್ಲೇಟನ್ನೂ ಹಂಚಿಕೊಂಡ್ವು. ಮನುಷ್ಯರೇ ಎಲ್ಲರೂ ಹಂಗೆ ಮಾಡ್ತಾರೆ ಅಂತ ಗ್ಯಾರಂಟಿ ಇಲ್ಲ ಬಿಡಿ.

ದುಃಖಕ್ಕೆ ಬಂದ್ರೆ, 2018ರಲ್ಲಿ ಪೆಸಿಫಿಕ್ ಸಾಗರದಲ್ಲಿ ಒಂದು ತಾಯಿ ಓರ್ಕಾ (ಕಿಲ್ಲರ್ ವೇಲ್) ತನ್ನ ಸತ್ತ ಮರೀನ 17 ದಿನ ತಲೆ ಮೇಲೆ ಹೊತ್ಕೊಂಡು ಈಜಿತ್ತು, ಸುಮಾರು 1,600 ಕಿಲೋಮೀಟರ್. ಅದು ದುಃಖ ಅಲ್ಲ, ಬರೀ ಇನ್‌ಸ್ಟಿಂಕ್ಟ್ ಅನ್ನೋರಿದಾರೆ. ಹಂಗೆ ನೋಡಿದ್ರೆ ನಾವು ಅಳೋದನ್ನೂ ಬರೀ ಹಾರ್ಮೋನ್ ಅಂದುಬಿಡಬಹುದಲ್ವಾ.

ಹಂಗಾಗಿ ಭಯ, ಖುಷಿ, ಅಗಲಿಕೆ ಇವೆಲ್ಲ ಅವಕ್ಕೂ ಇದೆ ಅಂತಾನೇ ನನ್ನ ಲೆಕ್ಕ. ನಿನ್ನೆ ಮಾಡಿದ್ದು ತಪ್ಪು ಅಂತ ಕೂತು ಕೊರಗೋದು, ಸೇಡು ಇಟ್ಕೊಂಡು ಬೇಕಂತ್ಲೇ ಚಪ್ಪಲಿ ಕಚ್ಚೋದು, ಇವನ್ನ ಮಾತ್ರ ನಾವೇ ಅವುಗಳ ತಲೆಗೆ ಕಟ್ತೀವಿ. ನಿಮ್ಮ ನಾಯಿ ಹೆದರಿರೋದು ನಿಮ್ಮ ದನಿಗೆ, ಅರ್ಧ ಗಂಟೆ ಆದ್ಮೇಲೆ ಬೈದ್ರೆ ಯಾಕೆ ಅಂತಾನೇ ಅದಕ್ಕೆ ಗೊತ್ತಾಗಲ್ಲ. ಚಪ್ಪಲಿ ಎತ್ತಿ ಮೇಲಿಡಿ, ಕಚ್ಚೋಕೆ ಅದಕ್ಕೆ ಬೇರೆ ಏನಾದ್ರೂ ಕೊಡಿ.